ಪೇಟೆಂಟ್ ಪರೀಕ್ಷೆ ಎಂದರೇನು? ಒಂದು ವಿದ್ಯುತ್ ಪರಿವರ್ತಕದ ನಿದರ್ಶನ

ಪೇಟೆಂಟ್ ಎಂಬ ಮಾತು ಇಂದು ಜನಸಾಮಾನ್ಯರಿಗೆ ಅಪರಿಚಿತವಾದುದೇನಲ್ಲ. ಆದರೆ ಪೇಟೆಂಟ್ ಕೋರಿ ಸಲ್ಲಿಸಿದ ಅರ್ಜಿಯು ಕಚೇರಿಯನ್ನು ಸೇರಿದ ಬಳಿಕ ಅಲ್ಲಿ ಏನು ನಡೆಯುತ್ತದೆ, ಅದನ್ನು ಯಾರು ಓದುತ್ತಾರೆ, ಯಾವ ಒರೆಗಲ್ಲಿಗೆ ಹಚ್ಚಿ ನೋಡುತ್ತಾರೆ ಎಂಬುದು ಬಹು ಮಂದಿಗೆ ತಿಳಿದಿರುವುದಿಲ್ಲ. ಅರ್ಜಿ ಸಲ್ಲಿಸಿದೊಡನೆಯೇ ಹಕ್ಕು ದೊರೆಯಿತೆಂದು ಭಾವಿಸುವವರಿದ್ದಾರೆ. ಪರೀಕ್ಷಕರು ಆಕ್ಷೇಪಣೆ ಎತ್ತಿದೊಡನೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವವರೂ ಇದ್ದಾರೆ. ಇವೆರಡೂ ತಪ್ಪು ತಿಳಿವಳಿಕೆಗಳು.

ಪೇಟೆಂಟ್ ಎಂಬುದು ಸಮಾಜ ಮತ್ತು ಆವಿಷ್ಕಾರಕನ ನಡುವಿನ ಒಂದು ಒಪ್ಪಂದ. ಆವಿಷ್ಕಾರಕನು ತಾನು ಕಂಡುಹಿಡಿದುದನ್ನು ಗುಟ್ಟಾಗಿಡದೆ, ಆ ವಿದ್ಯೆಯನ್ನು ಬಲ್ಲ ಇತರರು ಮಾಡಿನೋಡಲು ಸಾಧ್ಯವಾಗುವಂತೆ ಪೂರ್ಣವಾಗಿ ತಿಳಿಸಬೇಕು. ಅದಕ್ಕೆ ಪ್ರತಿಯಾಗಿ ಅರ್ಜಿಯ ದಿನಾಂಕದಿಂದ 20 ವರ್ಷಗಳ ಕಾಲ, ಅವನ ಅನುಮತಿಯಿಲ್ಲದೆ ಅನ್ಯರು ಅದನ್ನು ತಯಾರಿಸದಂತೆ, ಬಳಸದಂತೆ, ಮಾರದಂತೆ ತಡೆಯುವ ಹಕ್ಕನ್ನು ಕಾನೂನು ಅವನಿಗೆ ನೀಡುತ್ತದೆ. ಅವಧಿ ಮುಗಿದ ಮೇಲೆ ಆ ಜ್ಞಾನ ಎಲ್ಲರ ಸ್ವತ್ತಾಗುತ್ತದೆ. ಒಪ್ಪಂದವು ನ್ಯಾಯವಾಗಿರಬೇಕಾದರೆ ಈಗಾಗಲೇ ಎಲ್ಲರದಾಗಿರುವುದನ್ನು ಯಾರೊಬ್ಬರೂ ತಮ್ಮದೆಂದು ಬರೆಸಿಕೊಳ್ಳಬಾರದು. ನಿಜವಾಗಿ ಹೊಸದನ್ನು ಕೊಟ್ಟವನು ಬರಿಗೈಯಲ್ಲಿ ಹಿಂದಿರುಗಲೂ ಬಾರದು. ಈ ಎರಡನ್ನು ಬೇರ್ಪಡಿಸುವ ಕಾರ್ಯವೇ ಪೇಟೆಂಟ್ ಪರೀಕ್ಷೆ.

ಈ ಕಾರ್ಯವು ಹೇಗೆ ನಡೆಯುತ್ತದೆಂಬುದನ್ನು ಒಂದು ನಿದರ್ಶನದ ಮೂಲಕ ಇಲ್ಲಿ ವಿವರಿಸಲಾಗಿದೆ. ಸ್ವಿಚ್ಚುಗಳು ಮತ್ತು ಧಾರಕಗಳನ್ನು ಮಾತ್ರ ಬಳಸಿ ವಿದ್ಯುತ್ತಿನ ವೋಲ್ಟೇಜನ್ನು ಬದಲಿಸುವ ಪರಿವರ್ತಕವನ್ನು ಇದಕ್ಕಾಗಿ ಆರಿಸಿಕೊಳ್ಳಲಾಗಿದೆ. ಇದರ ಬಿಡಿಭಾಗಗಳೆಲ್ಲವೂ ಹಳೆಯವು. ಹಳೆಯ ಭಾಗಗಳ ಜೋಡಣೆಯಲ್ಲಿ ಹೊಸತು ಇರಬಲ್ಲದೇ, ಇದ್ದರೆ ಅದು ಎಲ್ಲಿರುತ್ತದೆ ಎಂಬ ಪ್ರಶ್ನೆ ಇಲ್ಲಿ ಸ್ಪಷ್ಟವಾಗಿ ಎದುರಾಗುತ್ತದೆ.

ಪರಿವರ್ತಕದ ಕಾರ್ಯವಿಧಾನ

ಧಾರಕವೆಂದರೆ ವಿದ್ಯುದಾವೇಶವನ್ನು ತುಂಬಿಟ್ಟುಕೊಳ್ಳುವ ಸಾಧನ. ಬೀಸಣಿಗೆ ರಿಪೇರಿ ಮಾಡುವವರು ಕಂಡೆನ್ಸರ್ ಎಂದೂ, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಕೆಪಾಸಿಟರ್ ಎಂದೂ ಕರೆಯುವುದು ಇದನ್ನೇ. ಕೊಡದಲ್ಲಿ ನೀರು ತುಂಬುವಂತೆ ಇದರಲ್ಲಿ ಆವೇಶ ತುಂಬುತ್ತದೆ. ಕೊಡದ ಅಗಲ ಹೆಚ್ಚಿದ್ದಷ್ಟೂ ಅದೇ ಮಟ್ಟಕ್ಕೆ ಹೆಚ್ಚು ನೀರು ಹಿಡಿಯುವಂತೆ, ಧಾರಣೆ ಹೆಚ್ಚಿದ್ದಷ್ಟೂ ಅದೇ ವೋಲ್ಟೇಜಿನಲ್ಲಿ ಹೆಚ್ಚು ಆವೇಶ ಹಿಡಿಯುತ್ತದೆ.

12 ವೋಲ್ಟಿನ ಮೂಲದಿಂದ 6 ವೋಲ್ಟ್ ಪಡೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಒಂದು ಧಾರಕ, ನಾಲ್ಕು ಸ್ವಿಚ್ಚುಗಳು, ಹೊರಹರಿವನ್ನು ಸಮನಾಗಿಡಲು ಇನ್ನೊಂದು ಧಾರಕ ಇದ್ದರೆ ಸಾಕು. ಮೊದಲ ಹಂತದಲ್ಲಿ ಎರಡು ಸ್ವಿಚ್ಚುಗಳು ಮುಚ್ಚಿಕೊಂಡು ಧಾರಕವನ್ನು ಮೂಲ ಮತ್ತು ಹೊರೆಯ ನಡುವೆ ಸರಣಿಯಾಗಿ ಸೇರಿಸುತ್ತವೆ. ಆಗ 12 ವೋಲ್ಟು ಇಬ್ಬರಲ್ಲಿ ಹಂಚಿಹೋಗುತ್ತದೆ. ಎರಡನೆಯ ಹಂತದಲ್ಲಿ ಅವು ತೆರೆದುಕೊಂಡು ಉಳಿದೆರಡು ಸ್ವಿಚ್ಚುಗಳು ಮುಚ್ಚಿಕೊಳ್ಳುತ್ತವೆ. ಧಾರಕವು ಮೂಲದಿಂದ ಬೇರ್ಪಟ್ಟು ಹೊರೆಗೆ ಸಮಾಂತರವಾಗಿ ನಿಂತು ತನ್ನಲ್ಲಿದ್ದುದನ್ನು ನೀಡುತ್ತದೆ. ಈ ಎರಡು ಹಂತಗಳು ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಬಾರಿ ಪುನರಾವರ್ತನೆಯಾದಾಗ ಹೊರಹರಿವು ಮೂಲದ ಅರ್ಧಕ್ಕೆ ಬಂದು ನೆಲೆಗೊಳ್ಳುತ್ತದೆ. ಮೂಲದಿಂದ ಒಂದು ಪಾಲು ಆವೇಶ ಹೊರಟರೆ ಹೊರೆಗೆ ಎರಡು ಪಾಲು ದೊರೆಯುತ್ತದೆ. ವೋಲ್ಟೇಜು ಅರ್ಧವಾಗುತ್ತದೆ, ಪ್ರವಾಹ ಇಮ್ಮಡಿಯಾಗುತ್ತದೆ.

ಇದರಲ್ಲಿ ತಂತಿಯ ಸುರುಳಿಯಾಗಲಿ ಕಬ್ಬಿಣದ ತಿರುಳಾಗಲಿ ಇಲ್ಲ. ಆದುದರಿಂದ ಗಾತ್ರ ಕಿರಿದು. ಸಂಯುಕ್ತ ಮಂಡಲದ ಚಿಕ್ಕ ಬಿಲ್ಲೆಯೊಳಗೂ ಇದನ್ನು ಅಳವಡಿಸಬಹುದು. ಶೀಘ್ರವಾಗಿ ಚಾರ್ಜ್ ಆಗುವ ಅನೇಕ ಮೊಬೈಲ್ ದೂರವಾಣಿಗಳಲ್ಲಿ ಈ ತತ್ತ್ವ ಬಳಕೆಯಲ್ಲಿದೆ. ಬ್ಯಾಟರಿಗೆ ಬೇಕಾದುದಕ್ಕಿಂತ ಇಮ್ಮಡಿ ವೋಲ್ಟೇಜನ್ನು ಕೇಬಲಿನ ಮೂಲಕ ಕಳುಹಿಸಿ ದೂರವಾಣಿಯೊಳಗೆ ಅದನ್ನು ಅರ್ಧಕ್ಕಿಳಿಸಲಾಗುತ್ತದೆ. ಕೇಬಲಿನಲ್ಲಿ ಪ್ರವಾಹ ಅರ್ಧವಾಗುವುದರಿಂದ ಅಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ.

ಈ ವಿಧಾನಕ್ಕೆ ತನ್ನದೇ ಆದ ಮಿತಿಗಳಿವೆ. ಧಾರಕದ ಧಾರಣೆ 10 ಮೈಕ್ರೋಫ್ಯಾರಡ್, ಆವರ್ತನ ಸೆಕೆಂಡಿಗೆ 10,000, ಒಂದು ಆವರ್ತದಲ್ಲಿ ಧಾರಕದ ವೋಲ್ಟೇಜಿನ ಏರಿಳಿತ 0.2 ವೋಲ್ಟ್ ಎಂದಾದರೆ ಹೊರೆಗೆ ದೊರೆಯುವ ಪ್ರವಾಹ 40 ಮಿಲಿಆಂಪಿಯರ್ ಮಾತ್ರ. ಹೆಚ್ಚು ಪ್ರವಾಹ ಬೇಕಾದರೆ ಧಾರಕವನ್ನು ದೊಡ್ಡದು ಮಾಡಬೇಕು, ಇಲ್ಲವೇ ಆವರ್ತನವನ್ನು ಹೆಚ್ಚಿಸಬೇಕು, ಇಲ್ಲವೇ ಹೆಚ್ಚಿನ ಏರಿಳಿತವನ್ನೂ ಅದರೊಡನೆ ಬರುವ ನಷ್ಟವನ್ನೂ ಸಹಿಸಬೇಕು. ಆವರ್ತನವನ್ನು ಹೆಚ್ಚಿಸಿದರೆ ಸ್ವಿಚ್ಚುಗಳನ್ನು ನಡೆಸಲು ತಗಲುವ ಶಕ್ತಿಯೂ ಹೆಚ್ಚುತ್ತದೆ. ಇಂಜಿನಿಯರನ ಜಾಣ್ಮೆಯೆಲ್ಲ ಈ ಮಿತಿಗಳ ನಡುವೆ ದಾರಿ ಹುಡುಕುವುದರಲ್ಲಿದೆ. ಆವಿಷ್ಕಾರ ಹುಟ್ಟುವುದೂ ಅಲ್ಲಿಯೇ.

ಹಿಂದೆ ತಿಳಿದಿದ್ದುದು ಯಾವುದು?

ಪರೀಕ್ಷಕರ ಮೊದಲ ಕೆಲಸ ಶೋಧನೆ. ಅರ್ಜಿಯ ದಿನಾಂಕಕ್ಕೆ ಮೊದಲು ಜಗತ್ತಿನ ಯಾವುದೇ ದೇಶದಲ್ಲಿ, ಯಾವುದೇ ಭಾಷೆಯಲ್ಲಿ ಪ್ರಕಟವಾದ ದಾಖಲೆಯೂ ಪೂರ್ವಜ್ಞಾನವೆಂದು ಪರಿಗಣಿತವಾಗುತ್ತದೆ. ಹಿಂದಿನ ಪೇಟೆಂಟುಗಳು, ವಿದ್ವತ್ಪತ್ರಿಕೆಗಳ ಲೇಖನಗಳು, ಪಠ್ಯಪುಸ್ತಕಗಳು, ತಯಾರಕರು ಹೊರತಂದ ಮಾಹಿತಿ ಹಾಳೆಗಳು ಎಲ್ಲವೂ ಇದರಲ್ಲಿ ಸೇರುತ್ತವೆ. ಶೋಧನೆ ಸುಲಭವಾಗಲೆಂದು ತಂತ್ರಜ್ಞಾನಗಳೆಲ್ಲವನ್ನೂ ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದಲ್ಲಿ ವಿಂಗಡಿಸಲಾಗಿದೆ. ಧಾರಕಗಳನ್ನು ಸ್ವಿಚ್ಚುಗಳಿಂದ ಪರ್ಯಾಯವಾಗಿ ತುಂಬಿ ಬರಿದುಮಾಡುವ ಪರಿವರ್ತಕಗಳಿಗೆ ಅಲ್ಲಿ ಎಚ್ 02 ಎಂ 3/07 ಎಂಬ ಸ್ಥಾನವಿದೆ.

ಈ ಕ್ಷೇತ್ರದಲ್ಲಿ ಪೂರ್ವಜ್ಞಾನ ವಿಪುಲವಾಗಿದೆ. ಧಾರಕಗಳನ್ನು ಸಮಾಂತರವಾಗಿ ತುಂಬಿ ಸರಣಿಯಾಗಿ ಬರಿದುಮಾಡಿ ಅತಿ ಹೆಚ್ಚಿನ ವೋಲ್ಟೇಜು ಪಡೆಯುವ ವಿಧಾನವನ್ನು ಜರ್ಮನಿಯ ಎರ್ವಿನ್ ಮಾರ್ಕ್ಸ್ 1920ರ ದಶಕದಲ್ಲಿಯೇ ರೂಪಿಸಿದ್ದರು. ಕೇಂಬ್ರಿಜ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಧಾರಕಗಳು ಮತ್ತು ಏಕದಿಶಾ ನಳಿಗೆಗಳ ಏಣಿಯಂತಹ ಜೋಡಣೆಯಿಂದ ಲಕ್ಷಗಟ್ಟಲೆ ವೋಲ್ಟ್ ಪಡೆದು 1932ರಲ್ಲಿ ಪರಮಾಣು ಬೀಜವನ್ನು ಸೀಳಿದರು. ಆ ಸಾಧನೆಗಾಗಿ ಅವರಿಗೆ 1951ರ ನೊಬೆಲ್ ಪಾರಿತೋಷಕ ಲಭಿಸಿತು. 1976ರಲ್ಲಿ ಜಾನ್ ಡಿಕ್ಸನ್ ಇದೇ ತತ್ತ್ವವನ್ನು ಸಂಯುಕ್ತ ಮಂಡಲದ ಬಿಲ್ಲೆಯೊಳಗೆ ಅಳವಡಿಸುವ ಸುಧಾರಿತ ವಿಧಾನವನ್ನು ಪ್ರಕಟಿಸಿದರು. ವಿದ್ಯುತ್ ನಿಂತರೂ ಬರೆದುದನ್ನು ಮರೆಯದ ಸ್ಮೃತಿ ಬಿಲ್ಲೆಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜನ್ನು ಒದಗಿಸಲು ಈ ಬಗೆಯ ಮಂಡಲಗಳು ನೆರವಾದವು. ಮುಂದೆ ಐಸಿಎಲ್ 7660, ಮ್ಯಾಕ್ಸ್ 232 ಮೊದಲಾದ ಬಿಲ್ಲೆಗಳ ಮೂಲಕ ಈ ಪರಿವರ್ತಕಗಳು ಕಾಲೇಜುಗಳ ಪ್ರಯೋಗಶಾಲೆಗಳಿಗೂ ಬಂದವು.

ಹೀಗಿರುವಾಗ ಇಂದು ಯಾರಾದರೂ ಧಾರಕ ಮತ್ತು ಸ್ವಿಚ್ಚುಗಳಿಂದ ವೋಲ್ಟೇಜು ಬದಲಿಸುವ ಯಂತ್ರ ತಮ್ಮದೆಂದು ಹೇಳಿದರೆ ಅದು ನಿಲ್ಲಲಾರದು. ಆದರೆ ಇದರಿಂದ ಆ ಕ್ಷೇತ್ರದ ಬಾಗಿಲು ಮುಚ್ಚಿತೆಂದು ಅರ್ಥವಲ್ಲ. ಹಳೆಯದರ ಮೇಲೆ ಕಟ್ಟಿದ ಹೊಸ ಅಂಶವನ್ನು ಬೇರ್ಪಡಿಸಿ ತೋರಿಸಬಲ್ಲವರಿಗೆ ಅದು ತೆರೆದೇ ಇದೆ.

ನಿದರ್ಶನದ ಅರ್ಜಿ

ವಿವರಣೆಗಾಗಿ ಒಂದು ಕಲ್ಪಿತ ಅರ್ಜಿಯನ್ನು ತೆಗೆದುಕೊಳ್ಳೋಣ. ಕಾಲ ಕಳೆದಂತೆ, ಶಾಖಕ್ಕೆ ಸಿಕ್ಕಂತೆ ಧಾರಕಗಳ ಧಾರಣೆ ಕುಗ್ಗುತ್ತದೆ. 10 ಮೈಕ್ರೋಫ್ಯಾರಡ್ ಇದ್ದುದು 5ಕ್ಕೆ ಇಳಿದರೆ ಅದೇ ಪ್ರವಾಹಕ್ಕೆ ವೋಲ್ಟೇಜಿನ ಏರಿಳಿತ ಇಮ್ಮಡಿಯಾಗುತ್ತದೆ. ಇದನ್ನು ಎದುರಿಸಲು ವಿನ್ಯಾಸಕಾರರು ಮೊದಲಿನಿಂದಲೇ ದೊಡ್ಡ ಧಾರಕವನ್ನು ಹಾಕುವುದುಂಟು. ನಮ್ಮ ಅರ್ಜಿದಾರನು ಬೇರೊಂದು ಉಪಾಯ ಮಾಡಿದ್ದಾನೆ. ಅವನ ಪರಿವರ್ತಕದಲ್ಲಿ ನಿಯಂತ್ರಣ ಮಂಡಲವು ಧಾರಕದ ಏರಿಳಿತವನ್ನೂ ಹೊರೆಯ ಪ್ರವಾಹವನ್ನೂ ಅಳೆದು ಉಳಿದಿರುವ ಧಾರಣೆಯನ್ನು ಅಂದಾಜು ಮಾಡುತ್ತದೆ. ಅಗತ್ಯವಿದ್ದಷ್ಟೇ ಆವರ್ತನವನ್ನು ಹೆಚ್ಚಿಸುತ್ತದೆ. ಧಾರಕವು ಕೆಡುವ ಮುನ್ನವೇ ಎಚ್ಚರಿಕೆಯ ಸಂಕೇತ ನೀಡುತ್ತದೆ.

ಅರ್ಜಿಯೊಂದಿಗೆ ಸಲ್ಲಿಸುವ ವಿವರಣಾಪತ್ರದ ಕೊನೆಯಲ್ಲಿ ಹಕ್ಕುಕೋರಿಕೆಗಳು ಇರುತ್ತವೆ. ಜಮೀನಿನ ಪತ್ರದಲ್ಲಿ ಚಕ್ಕುಬಂದಿಗೆ ಯಾವ ಸ್ಥಾನವಿದೆಯೋ ಪೇಟೆಂಟಿನಲ್ಲಿ ಹಕ್ಕುಕೋರಿಕೆಗೆ ಅದೇ ಸ್ಥಾನ. ಆವಿಷ್ಕಾರದ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ನಿರ್ಧರಿಸುವುದು ಅದೇ. ನಮ್ಮ ಅರ್ಜಿದಾರನು ಮೂರು ಹಕ್ಕುಕೋರಿಕೆಗಳನ್ನು ಮುಂದಿಟ್ಟಿದ್ದಾನೆ:

1. ಒಂದು ಧಾರಕ, ನಾಲ್ಕು ಸ್ವಿಚ್ಚುಗಳು, ಅವುಗಳನ್ನು ಎರಡು ಹಂತಗಳಲ್ಲಿ ನಡೆಸುವ ನಿಯಂತ್ರಣ ಮಂಡಲ ಇವುಗಳನ್ನುಳ್ಳ, ವೋಲ್ಟೇಜನ್ನು ಅರ್ಧಕ್ಕಿಳಿಸುವ ಪರಿವರ್ತಕ.

2. ಹೊರೆಗೆ ಅನುಗುಣವಾಗಿ ನಿಯಂತ್ರಣ ಮಂಡಲವು ಆವರ್ತನವನ್ನು ಬದಲಿಸುವ, ಹಕ್ಕುಕೋರಿಕೆ 1ರಲ್ಲಿ ಹೇಳಿದ ಪರಿವರ್ತಕ.

3. ಧಾರಕದ ಏರಿಳಿತ ಮತ್ತು ಹೊರೆಯ ಪ್ರವಾಹಗಳನ್ನು ಅಳೆಯುವ ಮಂಡಲವನ್ನು ಹೊಂದಿ, ಅದರಿಂದ ಧಾರಣೆಯ ಇಳಿಕೆಯನ್ನು ಅರಿತು ಆವರ್ತನವನ್ನು ಸರಿಪಡಿಸುವ ಮತ್ತು ಎಚ್ಚರಿಕೆ ನೀಡುವ, ಹಕ್ಕುಕೋರಿಕೆ 2ರಲ್ಲಿ ಹೇಳಿದ ಪರಿವರ್ತಕ.

ಪರೀಕ್ಷೆಯವರೆಗಿನ ಹಾದಿ

ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಪರೀಕ್ಷೆ ತಾನಾಗಿ ಪ್ರಾರಂಭವಾಗುವುದಿಲ್ಲ. ಸಾಮಾನ್ಯವಾಗಿ ಅರ್ಜಿಯು 18 ತಿಂಗಳ ಬಳಿಕ ಪೇಟೆಂಟ್ ಕಚೇರಿಯ ಅಧಿಕೃತ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಪರೀಕ್ಷೆ ನಡೆಸಬೇಕೆಂದು ಅರ್ಜಿದಾರನು ಪ್ರತ್ಯೇಕವಾಗಿ ಕೋರಿ ಶುಲ್ಕ ತೆರಬೇಕು. 2024ರ ಮಾರ್ಚ್ 15ರಂದು ಜಾರಿಗೆ ಬಂದ ತಿದ್ದುಪಡಿ ನಿಯಮಗಳ ಪ್ರಕಾರ, ಆ ದಿನದಿಂದೀಚೆಗೆ ಸಲ್ಲಿಸಿದ ಅರ್ಜಿಗಳಿಗೆ ಈ ಕೋರಿಕೆಯ ಗಡುವು ಆದ್ಯತಾ ದಿನಾಂಕದಿಂದ 31 ತಿಂಗಳು. ಅದಕ್ಕೆ ಮೊದಲು ಅದು 48 ತಿಂಗಳಾಗಿತ್ತು. ಗಡುವಿನೊಳಗೆ ಕೋರಿಕೆ ಸಲ್ಲಿಸದಿದ್ದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಭಾವಿಸಲಾಗುತ್ತದೆ. ಆವಿಷ್ಕಾರವು ಎಷ್ಟೇ ಶ್ರೇಷ್ಠವಾಗಿದ್ದರೂ ಈ ಒಂದು ಮರೆವು ಸಾಕು, ಶ್ರಮವೆಲ್ಲ ವ್ಯರ್ಥವಾಗಲು.

ಕೋರಿಕೆ ಬಂದ ಬಳಿಕ ನಿಯಂತ್ರಕರು ಅರ್ಜಿಯನ್ನು ಆಯಾ ತಾಂತ್ರಿಕ ವಿಷಯದ ಪರೀಕ್ಷಕರಿಗೆ ವಹಿಸುತ್ತಾರೆ. ಪರೀಕ್ಷಕರ ಅಭಿಪ್ರಾಯಗಳನ್ನೊಳಗೊಂಡ ಮೊದಲ ಪರೀಕ್ಷಾ ವರದಿಯನ್ನು ಅರ್ಜಿದಾರನಿಗೆ ಕಳುಹಿಸಲಾಗುತ್ತದೆ. ನವೋದ್ಯಮಗಳು, ಸಣ್ಣ ಉದ್ದಿಮೆಗಳು, ಮಹಿಳಾ ಅರ್ಜಿದಾರರು ಮೊದಲಾದವರಿಗೆ ತ್ವರಿತ ಪರೀಕ್ಷೆಯನ್ನು ಕೋರುವ ಅವಕಾಶವೂ ಇದೆ.

ಪರೀಕ್ಷಕರ ಒರೆಗಲ್ಲುಗಳು

ಮೊದಲನೆಯದು ನವೀನತೆ. ಹಕ್ಕುಕೋರಿಕೆಯಲ್ಲಿ ಹೇಳಿದ ಎಲ್ಲ ಅಂಶಗಳೂ ಹಿಂದಿನ ಯಾವುದಾದರೂ ಒಂದೇ ದಾಖಲೆಯಲ್ಲಿ ಕಂಡುಬಂದರೆ ನವೀನತೆಯಿಲ್ಲ. ನಮ್ಮ ನಿದರ್ಶನದ ಹಕ್ಕುಕೋರಿಕೆ 1 ಇಲ್ಲಿಯೇ ಬಿದ್ದುಹೋಗುತ್ತದೆ. ನಾಲ್ಕು ಸ್ವಿಚ್ಚು, ಒಂದು ಧಾರಕದ ಮಂಡಲವು ಪಠ್ಯಪುಸ್ತಕಗಳಲ್ಲಿಯೇ ಇದೆ.

ಎರಡನೆಯದು ಆವಿಷ್ಕಾರಿಕ ಹೆಜ್ಜೆ. ಇರುವ ಜ್ಞಾನಕ್ಕೆ ಹೋಲಿಸಿದರೆ ತಾಂತ್ರಿಕ ಮುನ್ನಡೆಯಾಗಲಿ ಆರ್ಥಿಕ ಮಹತ್ವವಾಗಲಿ ಇರಬೇಕು. ಜೊತೆಗೆ ಆ ವಿದ್ಯೆಯಲ್ಲಿ ಪಳಗಿದ ವ್ಯಕ್ತಿಗೆ ಅದು ಸಹಜವಾಗಿ ಹೊಳೆಯುವಂತಹುದಾಗಿರಬಾರದು ಎಂದು ಕಾನೂನು ಹೇಳುತ್ತದೆ. ಹಕ್ಕುಕೋರಿಕೆ 2ರಲ್ಲಿ ಹೇಳಿದ ಸಂಯೋಜನೆಯು ಯಾವುದೇ ಒಂದು ದಾಖಲೆಯಲ್ಲಿ ಇಡಿಯಾಗಿ ಸಿಗದಿರಬಹುದು. ಆದರೆ ಒಂದು ದಾಖಲೆಯಲ್ಲಿ ಪರಿವರ್ತಕವಿದೆ. ಇನ್ನೊಂದರಲ್ಲಿ ಹೊರೆಗೆ ತಕ್ಕಂತೆ ಆವರ್ತನ ಬದಲಿಸುವ ಕ್ರಮವಿದೆ. ಇವೆರಡನ್ನು ಕೂಡಿಸುವುದು ಕುಶಲ ಇಂಜಿನಿಯರನ ದಿನನಿತ್ಯದ ಕೆಲಸವೆಂದು ಪರೀಕ್ಷಕರು ಆಕ್ಷೇಪಿಸಬಹುದು.

ಈ ವಿಷಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ನೀಡಿದ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಪ್ರಕರಣದ ತೀರ್ಪು ದಾರಿದೀಪವಾಗಿದೆ. ಪಾತ್ರೆಗಳನ್ನು ಕಡೆಯುವಾಗ ಅವುಗಳನ್ನು ಹಿಡಿದಿಡುವ ಸಾಧನವೊಂದರ ಪೇಟೆಂಟ್ ಅಲ್ಲಿ ವಿವಾದಕ್ಕೆ ಒಳಗಾಗಿತ್ತು. ಕಾರ್ಯಾಗಾರದಲ್ಲಿ ಸಹಜವಾಗಿ ಮಾಡಿಕೊಳ್ಳುವ ಸುಧಾರಣೆಗಿಂತ ಮಿಗಿಲಾದುದೇನಾದರೂ ಇರಬೇಕು, ಹಳೆಯ ಭಾಗಗಳ ಜೋಡಣೆಯಾದರೆ ಅದರಿಂದ ಹೊಸ ಫಲವೋ ಉತ್ತಮವಾದ ಅಥವಾ ಅಗ್ಗವಾದ ವಸ್ತುವೋ ದೊರೆಯಬೇಕು ಎಂಬ ತತ್ತ್ವವನ್ನು ನ್ಯಾಯಾಲಯವು ಎತ್ತಿಹಿಡಿದು, ಆ ಪೇಟೆಂಟ್ ಊರ್ಜಿತವಲ್ಲವೆಂದು ತೀರ್ಮಾನಿಸಿತು. ಪಾತ್ರೆ ಕಡೆಯುವ ಯಂತ್ರಕ್ಕೆ ಅನ್ವಯಿಸಿದ ಈ ಅಳತೆಗೋಲು ವಿದ್ಯುತ್ ಪರಿವರ್ತಕಕ್ಕೂ ಅನ್ವಯಿಸುತ್ತದೆ.

ಮೂರನೆಯದು ಔದ್ಯಮಿಕ ಉಪಯುಕ್ತತೆ. ತಯಾರಿಸಿ ಬಳಸಬಹುದಾದ ಪರಿವರ್ತಕದ ವಿಷಯದಲ್ಲಿ ಇದು ಸಾಮಾನ್ಯವಾಗಿ ತೊಡಕಾಗುವುದಿಲ್ಲ.

ನಾಲ್ಕನೆಯದು 1970ರ ಪೇಟೆಂಟ್ ಅಧಿನಿಯಮದ 3ನೆಯ ಪ್ರಕರಣ. ಯಾವುವನ್ನು ಆವಿಷ್ಕಾರವೆಂದು ಪರಿಗಣಿಸತಕ್ಕದ್ದಲ್ಲ ಎಂಬ ಪಟ್ಟಿ ಅಲ್ಲಿದೆ. ನಮ್ಮ ನಿದರ್ಶನಕ್ಕೆ ಅದರಲ್ಲಿ ನಾಲ್ಕು ಖಂಡಗಳು ಮುಖ್ಯವಾದವು.

ಸುಸ್ಥಾಪಿತವಾದ ಪ್ರಕೃತಿ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದುದು ಆವಿಷ್ಕಾರವಲ್ಲವೆಂದು (ಎ) ಖಂಡ ಹೇಳುತ್ತದೆ. 12 ವೋಲ್ಟನ್ನು ಅರ್ಧಕ್ಕಿಳಿಸುವ ಪರಿವರ್ತಕದಿಂದ 6ರ ಬದಲು 5 ವೋಲ್ಟ್ ಪಡೆಯುವುದಾದರೆ ದಕ್ಷತೆಯು ಶೇಕಡ 83ರ ಸುಮಾರನ್ನು ಮೀರಲಾರದು. ಧಾರಕ ಮತ್ತು ಸ್ವಿಚ್ಚುಗಳ ಅದೇ ಮಂಡಲದಿಂದ 5 ವೋಲ್ಟಿನಲ್ಲಿ ಶೇಕಡ 98 ದಕ್ಷತೆ ಬರುವುದೆಂದು ಬರೆದರೆ ಪರೀಕ್ಷಕರು ಅದನ್ನು ಪ್ರಶ್ನಿಸದೆ ಬಿಡುವುದಿಲ್ಲ.

ತಿಳಿದಿರುವ ಸಾಧನಗಳು ತಮ್ಮಷ್ಟಕ್ಕೆ ತಾವು ತಿಳಿದ ರೀತಿಯಲ್ಲಿಯೇ ಕೆಲಸ ಮಾಡುತ್ತಿರುವಾಗ ಅವುಗಳ ಕೇವಲ ಜೋಡಣೆ, ಮರುಜೋಡಣೆ ಅಥವಾ ಪುನರಾವರ್ತನೆಯು ಆವಿಷ್ಕಾರವಲ್ಲವೆಂದು (ಎಫ್) ಖಂಡ ಹೇಳುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಪರಿವರ್ತಕವನ್ನೂ ಗಡಿಯಾರವನ್ನೂ ಇಟ್ಟರೆ ಎರಡೂ ತಮ್ಮ ತಮ್ಮ ಕೆಲಸ ಮಾಡಿಕೊಂಡಿರುತ್ತವೆ, ಅಲ್ಲಿ ಆವಿಷ್ಕಾರವಿಲ್ಲ. ಆದರೆ ಒಂದು ಭಾಗದ ಅಳತೆಯು ಇನ್ನೊಂದರ ನಡೆಯನ್ನು ತಿದ್ದಿ, ಯಾವ ಭಾಗದಿಂದಲೂ ಒಂಟಿಯಾಗಿ ದೊರೆಯದ ಫಲವನ್ನು ಕೊಟ್ಟರೆ ಅದನ್ನು ಕೇವಲ ಜೋಡಣೆಯೆನ್ನಲಾಗದು. ಹಕ್ಕುಕೋರಿಕೆ 3ರ ಬಲವಿರುವುದು ಇಲ್ಲಿಯೇ.

ಗಣಿತ ವಿಧಾನ, ಕೇವಲ ಕಂಪ್ಯೂಟರ್ ಕಾರ್ಯಕ್ರಮ, ಲೆಕ್ಕಾಚಾರದ ಕ್ರಮ ಇವುಗಳಿಗೆ ಪೇಟೆಂಟ್ ಇಲ್ಲವೆಂದು (ಕೆ) ಖಂಡ ಹೇಳುತ್ತದೆ. ಧಾರಣೆಯನ್ನು ಲೆಕ್ಕ ಹಾಕುವ ಸೂತ್ರವನ್ನಷ್ಟೇ ಕೋರಿದರೆ ಈ ಆಕ್ಷೇಪಣೆ ಬರುವುದು ಖಚಿತ. ಅಳೆಯುವ ಮಂಡಲ, ಸ್ವಿಚ್ಚುಗಳ ಮೇಲೆ ಅದರ ಪರಿಣಾಮ, ದೊರೆಯುವ ತಾಂತ್ರಿಕ ಫಲ ಇವುಗಳನ್ನು ಒಳಗೊಂಡು ಯಂತ್ರವನ್ನೇ ಕೋರುವುದು ಸೂಕ್ತ.

ಸಂಯುಕ್ತ ಮಂಡಲಗಳ ವಿನ್ಯಾಸರೇಖೆ (ಒ) ಖಂಡದಿಂದ ಹೊರಗುಳಿದಿದೆ. ಬಿಲ್ಲೆಯ ಮೇಲೆ ಟ್ರಾನ್ಸಿಸ್ಟರುಗಳನ್ನು ಹೇಗೆ ಹರಡಲಾಗಿದೆ ಎಂಬ ನಕ್ಷೆಗೆ 2000ದ ಅರೆವಾಹಕ ಸಂಯುಕ್ತ ಮಂಡಲ ವಿನ್ಯಾಸ ಅಧಿನಿಯಮದಲ್ಲಿ ಪ್ರತ್ಯೇಕವಾಗಿ 10 ವರ್ಷಗಳ ರಕ್ಷಣೆ ಇದೆ. ನಕ್ಷೆಗೆ ಆ ಕಾನೂನು, ಕಾರ್ಯವಿಧಾನಕ್ಕೆ ಪೇಟೆಂಟ್ ಕಾನೂನು ಎಂಬ ಭೇದವನ್ನು ಬಿಲ್ಲೆಗಳನ್ನು ವಿನ್ಯಾಸ ಮಾಡುವವರು ನೆನಪಿನಲ್ಲಿಡಬೇಕು.

ಐದನೆಯದು ವಿವರಣೆಯ ಪೂರ್ಣತೆ. ಆವಿಷ್ಕಾರವನ್ನೂ ಅದನ್ನು ಕಾರ್ಯರೂಪಕ್ಕೆ ತರುವ, ಅರ್ಜಿದಾರನಿಗೆ ತಿಳಿದಿರುವ ಅತ್ಯುತ್ತಮ ವಿಧಾನವನ್ನೂ ವಿವರಣಾಪತ್ರದಲ್ಲಿ ತಿಳಿಸಿರಬೇಕು. ಹಕ್ಕುಕೋರಿಕೆಗಳು ಸ್ಪಷ್ಟವಾಗಿದ್ದು ಆ ವಿವರಣೆಯ ಆಧಾರದ ಮೇಲೆ ನಿಂತಿರಬೇಕು.

ಉತ್ತರ ಮತ್ತು ತಿದ್ದುಪಡಿ

ಮೊದಲ ಪರೀಕ್ಷಾ ವರದಿಯು ತೀರ್ಪಲ್ಲ, ಸಂವಾದದ ಆರಂಭ. ವರದಿ ಹೊರಟ ದಿನದಿಂದ 6 ತಿಂಗಳೊಳಗೆ ಅರ್ಜಿದಾರನು ಉತ್ತರಿಸಬೇಕು. ಆ ಅವಧಿ ಮುಗಿಯುವ ಮುನ್ನವೇ ಕೋರಿದರೆ ಇನ್ನೂ 3 ತಿಂಗಳ ವಿಸ್ತರಣೆ ದೊರೆಯಬಹುದು. ಉತ್ತರಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಭಾವಿಸಲಾಗುತ್ತದೆ.

ನಮ್ಮ ನಿದರ್ಶನದಲ್ಲಿ ವರದಿ ಹೀಗಿದೆಯೆಂದು ಭಾವಿಸೋಣ: ಹಕ್ಕುಕೋರಿಕೆ 1ಕ್ಕೆ ನವೀನತೆಯಿಲ್ಲ, 2ಕ್ಕೆ ಆವಿಷ್ಕಾರಿಕ ಹೆಜ್ಜೆಯಿಲ್ಲ, 3ರ ಅಂಶವು ಶೋಧನೆಯಲ್ಲಿ ದೊರೆತಿಲ್ಲ, ಆದರೆ ಅಳತೆಯನ್ನು ಯಾವ ಕ್ಷಣದಲ್ಲಿ, ಹೇಗೆ ಮಾಡಲಾಗುತ್ತದೆಂಬುದು ಹಕ್ಕುಕೋರಿಕೆಯಲ್ಲಿ ಸ್ಪಷ್ಟವಿಲ್ಲ. ವಾಸ್ತವದಲ್ಲಿ ಇಂತಹ ವಿಚಾರವೂ ಎಲ್ಲೋ ಪ್ರಕಟವಾಗಿರುವುದು ಸಾಧ್ಯ. ಇಲ್ಲಿ ವಿವರಣೆಯ ಸಲುವಾಗಿ ದೊರೆತಿಲ್ಲವೆಂದು ಇಟ್ಟುಕೊಳ್ಳಲಾಗಿದೆ.

ತಿಳಿದ ಅರ್ಜಿದಾರನು 1 ಮತ್ತು 2ರ ವಿಷಯದಲ್ಲಿ ವಾದಕ್ಕಿಳಿಯುವುದಿಲ್ಲ. ಮೂರನ್ನೂ ಸೇರಿಸಿ ಒಂದೇ ಹಕ್ಕುಕೋರಿಕೆಯಾಗಿ ಕಿರಿದುಗೊಳಿಸುತ್ತಾನೆ. ಎಲ್ಲೆ ಕಿರಿದಾದರೂ ಒಳಗಿರುವುದೆಲ್ಲ ಅವನದೇ ಆಗಿರುತ್ತದೆ. ಸ್ವಿಚ್ಚು ತೆರೆದುಕೊಳ್ಳುವುದಕ್ಕೆ ಮುಂಚಿನ ಕ್ಷಣದಲ್ಲಿ ಅಳತೆ ನಡೆಯುತ್ತದೆಂದು ಮೊದಲ ದಿನವೇ ಸಲ್ಲಿಸಿದ ವಿವರಣೆಯಲ್ಲಿಯೂ ನಾಲ್ಕನೆಯ ಚಿತ್ರದಲ್ಲಿಯೂ ಇರುವುದನ್ನು ತೋರಿಸಿ ಅದನ್ನು ಹಕ್ಕುಕೋರಿಕೆಗೆ ಸೇರಿಸುತ್ತಾನೆ. ಸದಾಕಾಲ ಹೆಚ್ಚಿನ ಆವರ್ತನದಲ್ಲಿ ನಡೆಸುವ ಅಗತ್ಯ ತಪ್ಪುವುದರಿಂದ ಸ್ವಿಚ್ಚುಗಳನ್ನು ನಡೆಸುವ ನಷ್ಟ ಕಡಿಮೆಯಾಗುತ್ತದೆ, ಚಿಕ್ಕ ಧಾರಕ ಸಾಕಾಗುತ್ತದೆ ಎಂಬ ತಾಂತ್ರಿಕ ಫಲವನ್ನು ವಿವರಿಸುತ್ತಾನೆ. ಇಷ್ಟಾದರೆ ಆಕ್ಷೇಪಣೆ ನಿವಾರಣೆಯಾಗಲು ದಾರಿಯಾಗುತ್ತದೆ.

ಆ ನಾಲ್ಕನೆಯ ಚಿತ್ರ ಮತ್ತು ಅದರ ವಿವರಣೆ ಮೊದಲ ದಿನದ ಪತ್ರದಲ್ಲಿ ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತು? ಅಧಿನಿಯಮದ 59ನೆಯ ಪ್ರಕರಣದ ಪ್ರಕಾರ ತಿದ್ದುಪಡಿಯೆಂಬುದು ಹಕ್ಕಿನ ತ್ಯಾಗ, ದೋಷದ ಸರಿಪಡಿಕೆ ಅಥವಾ ವಿವರಣೆಯ ರೂಪದಲ್ಲಿ ಮಾತ್ರ ಇರಬೇಕು. ಮೂಲ ಪತ್ರದಲ್ಲಿ ಇಲ್ಲದ ವಿಷಯವನ್ನು ಬಳಿಕ ಒಳತರುವಂತಿಲ್ಲ. ಅರ್ಜಿದಾರನ ಬಳಿ ಯಂತ್ರ ಸಿದ್ಧವಾಗಿರಬಹುದು. ಅಳತೆಯ ಮಂಡಲ ಅದರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿರಬಹುದು. ಆದರೆ ಪರೀಕ್ಷಕರ ಮುಂದಿರುವುದು ಯಂತ್ರವಲ್ಲ, ಕಾಗದ. ಕಾಗದದಲ್ಲಿ ಇಲ್ಲದುದು ಕಾನೂನಿನ ದೃಷ್ಟಿಯಲ್ಲಿ ಇಲ್ಲ. ಮೊದಲ ಎರಡು ಹಕ್ಕುಕೋರಿಕೆಗಳು ಪೂರ್ವಜ್ಞಾನದಿಂದಲೂ ಮೂರನೆಯದು ಅಸ್ಪಷ್ಟತೆಯಿಂದಲೂ ಬಿದ್ದುಹೋಗಿ, ನಿಜವಾದ ಆವಿಷ್ಕಾರವೊಂದು ರಕ್ಷಣೆಯಿಲ್ಲದೆ ಉಳಿಯುತ್ತಿತ್ತು. ಅಷ್ಟು ಹೊತ್ತಿಗೆ ಅರ್ಜಿ ಪ್ರಕಟವಾಗಿಯೂ ಇರುವುದರಿಂದ, ಅದರಲ್ಲಿ ಬಯಲಾದಷ್ಟು ಅಂಶವನ್ನು ಹೊಸ ಅರ್ಜಿಯಲ್ಲಿ ಹೊಸತೆಂದು ಹೇಳಿಕೊಳ್ಳಲು ಬರುವುದಿಲ್ಲ. ಪರೀಕ್ಷೆಯಲ್ಲಿ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಅರ್ಜಿ ಬರೆಯುವ ದಿನವೇ ನಿಶ್ಚಯವಾಗುತ್ತದೆ.

ಉತ್ತರದ ಬಳಿಕವೂ ಆಕ್ಷೇಪಣೆ ಉಳಿದರೆ ಅರ್ಜಿದಾರನು ನಿಯಂತ್ರಕರ ಮುಂದೆ ವಿಚಾರಣೆಗೆ ಹಾಜರಾಗಿ ತನ್ನ ವಾದವನ್ನು ಮಂಡಿಸಬಹುದು. ಅರ್ಜಿಯನ್ನು ನಿರಾಕರಿಸಿದರೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಿಂದೆ ಇಂತಹ ಮೇಲ್ಮನವಿಗಳನ್ನು ಆಲಿಸುತ್ತಿದ್ದ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಪಡಿಸಲಾಯಿತು.

ಸಾರ್ವಜನಿಕರ ಪಾತ್ರ

ಪರೀಕ್ಷೆಯು ಕಚೇರಿ ಮತ್ತು ಅರ್ಜಿದಾರರ ನಡುವಿನ ವ್ಯವಹಾರ ಮಾತ್ರವಲ್ಲ. ಅರ್ಜಿ ಪ್ರಕಟವಾದ ಬಳಿಕ ಪೇಟೆಂಟ್ ನೀಡುವ ಮುನ್ನ ಯಾವುದೇ ವ್ಯಕ್ತಿ ಲಿಖಿತ ರೂಪದಲ್ಲಿ ವಿರೋಧ ಸಲ್ಲಿಸಬಹುದು. ಹಳೆಯ ವಿಚಾರವೊಂದನ್ನು ಹೊಸತೆಂದು ಕೋರಲಾಗಿದೆಯೆಂದು ಕಾಲೇಜಿನ ಅಧ್ಯಾಪಕನಿಗಾಗಲಿ ಸಣ್ಣ ಕೈಗಾರಿಕೆಯ ಮಾಲೀಕನಿಗಾಗಲಿ ತಿಳಿದುಬಂದರೆ, ಅದರ ದಾಖಲೆಯನ್ನು ಮುಂದಿಡಲು ಅವರಿಗೆ ಹಕ್ಕಿದೆ. ಪೇಟೆಂಟ್ ದೊರೆತ ಬಗ್ಗೆ ಪ್ರಕಟಣೆಯಾದ ಬಳಿಕ ಒಂದು ವರ್ಷದೊಳಗೆ ಹಿತಾಸಕ್ತಿಯುಳ್ಳವರು ವಿರೋಧಿಸಲೂ ಅವಕಾಶವಿದೆ. ಪೇಟೆಂಟ್ ಪಡೆದ ಸಾಧನವನ್ನು ಕೇವಲ ಪ್ರಯೋಗ, ಸಂಶೋಧನೆ ಮತ್ತು ವಿದ್ಯಾರ್ಥಿಗಳಿಗೆ ಬೋಧನೆಗಾಗಿ ಬಳಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ ಎಂಬುದನ್ನೂ ಅಧ್ಯಾಪಕರು ಗಮನಿಸಬೇಕು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಅರ್ಜಿಗೆ ಮೊದಲು ಪ್ರಕಟಣೆ ಬೇಡ. ಸಮ್ಮೇಳನದ ಪ್ರಬಂಧ, ಪತ್ರಿಕಾ ಲೇಖನ, ಮಾರಾಟ, ಸಾರ್ವಜನಿಕ ಪ್ರದರ್ಶನ ಇವು ನವೀನತೆಯನ್ನು ಕಳೆಯಬಲ್ಲವು. ಕೇಂದ್ರ ಸರಕಾರವು ಅಧಿಸೂಚಿಸಿದ ಪ್ರದರ್ಶನ, ವಿದ್ವತ್ಸಭೆಯ ಮುಂದೆ ಓದಿದ ಪ್ರಬಂಧ ಮುಂತಾದ ಕೆಲವೇ ಸಂದರ್ಭಗಳಲ್ಲಿ 12 ತಿಂಗಳ ರಿಯಾಯಿತಿ ಇದೆ. ಅದನ್ನು ನೆಚ್ಚಿ ಕುಳಿತುಕೊಳ್ಳುವುದು ಕ್ಷೇಮವಲ್ಲ.

2. ಕೆಲಸ ಪೂರ್ಣವಾಗದಿದ್ದರೆ ತಾತ್ಕಾಲಿಕ ವಿವರಣಾಪತ್ರ ಸಲ್ಲಿಸಿ ದಿನಾಂಕವನ್ನು ಭದ್ರಪಡಿಸಿಕೊಳ್ಳಬಹುದು. 12 ತಿಂಗಳೊಳಗೆ ಸಂಪೂರ್ಣ ವಿವರಣಾಪತ್ರವನ್ನು ಸಲ್ಲಿಸಲೇಬೇಕು. ತಾತ್ಕಾಲಿಕ ಪತ್ರದಲ್ಲಿ ಇಲ್ಲದ ಅಂಶಕ್ಕೆ ಹಳೆಯ ದಿನಾಂಕದ ಲಾಭ ದೊರೆಯುವುದಿಲ್ಲ.

3. ಬರೆಯುವ ಮುನ್ನ ಹುಡುಕಬೇಕು. ಪೇಟೆಂಟ್ ಕಚೇರಿಯ ಅಂತರಜಾಲ ತಾಣದಲ್ಲಿ ಪ್ರಕಟಿತ ಅರ್ಜಿಗಳನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು.

4. ಅಗಲವಾದ ಹಕ್ಕುಕೋರಿಕೆಯ ಹಿಂದೆ ಕ್ರಮವಾಗಿ ಕಿರಿದಾದವುಗಳನ್ನು ಇಟ್ಟುಕೊಳ್ಳಬೇಕು. ಅವುಗಳಿಗೆ ಆಧಾರವಾದ ಚಿತ್ರ, ಅಳತೆ, ಪ್ರಯೋಗದ ಫಲಿತಾಂಶಗಳನ್ನು ಮೊದಲ ದಿನವೇ ವಿವರಣೆಯಲ್ಲಿ ಸೇರಿಸಬೇಕು.

5. ಪೇಟೆಂಟ್ ಪತ್ರಗಳು ಹಿಂದಿ ಅಥವಾ ಇಂಗ್ಲಿಷ್ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಅನುವಾದ ಮಾಡಿಸುವಾಗ ತಾಂತ್ರಿಕ ಅರ್ಥ ಕೆಡದಂತೆ ಆವಿಷ್ಕಾರಕನೇ ಓದಿ ಪರಿಶೀಲಿಸುವುದು ಅವಶ್ಯ. ಅರ್ಜಿಯನ್ನು ಸ್ವತಃ ಸಲ್ಲಿಸಬಹುದು, ಇಲ್ಲವೇ ನೋಂದಾಯಿತ ಪೇಟೆಂಟ್ ಏಜೆಂಟರ ನೆರವು ಪಡೆಯಬಹುದು.

6. ಭಾರತದ ನಿವಾಸಿಗಳು ಮೊದಲು ಇಲ್ಲಿ ಅರ್ಜಿ ಸಲ್ಲಿಸಿ 6 ವಾರ ಕಳೆಯದೆ ವಿದೇಶದಲ್ಲಿ ಅರ್ಜಿ ಸಲ್ಲಿಸಬೇಕಾದರೆ ಪೂರ್ವಾನುಮತಿ ಪಡೆಯಬೇಕು.

7. ವ್ಯಕ್ತಿಗಳು, ನವೋದ್ಯಮಗಳು, ಸಣ್ಣ ಉದ್ದಿಮೆಗಳು ಮತ್ತು ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡ 80ರಷ್ಟು ರಿಯಾಯಿತಿ ಇದೆ. 2024ರ ತಿದ್ದುಪಡಿಯ ವೇಳೆಗೆ, ಇವರು ಅಂತರಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ಮೂಲ ಶುಲ್ಕ 1,600 ರೂಪಾಯಿ, ಸಾಮಾನ್ಯ ಪರೀಕ್ಷೆಯ ಕೋರಿಕೆಗೆ 4,000 ರೂಪಾಯಿ ನಿಗದಿಯಾಗಿತ್ತು. ಪುಟಗಳು 30ನ್ನು, ಹಕ್ಕುಕೋರಿಕೆಗಳು 10ನ್ನು ಮೀರಿದರೆ ಹೆಚ್ಚುವರಿ ಶುಲ್ಕವಿರುತ್ತದೆ. ದರಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಸಲ್ಲಿಸುವ ಮುನ್ನ ವಿಚಾರಿಸಿ ತಿಳಿಯಬೇಕು.

ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು?

ಪೇಟೆಂಟ್ ಕಚೇರಿಯ ಪ್ರಧಾನ ಕಚೇರಿ ಕೊಲ್ಕತ್ತದಲ್ಲಿದ್ದು, ಮುಂಬಯಿ, ಚೆನ್ನೈ ಮತ್ತು ದೆಹಲಿಗಳಲ್ಲಿ ಶಾಖೆಗಳಿವೆ. ಅರ್ಜಿದಾರನು ಎಲ್ಲಿ ವಾಸವಾಗಿದ್ದಾನೆ, ಎಲ್ಲಿ ವ್ಯವಹಾರ ನಡೆಸುತ್ತಾನೆ ಅಥವಾ ಆವಿಷ್ಕಾರವು ಎಲ್ಲಿ ಹುಟ್ಟಿತು ಎಂಬುದರ ಮೇಲೆ ಕಚೇರಿ ನಿರ್ಧಾರವಾಗುತ್ತದೆ. ಮುಂಬಯಿ, ಪುಣೆ ನಗರಗಳ ಕನ್ನಡಿಗರಿಗೆ ಮುಂಬಯಿ ಕಚೇರಿ; ಚೆನ್ನೈ, ಹೈದರಾಬಾದ್ ಮತ್ತು ಕರ್ನಾಟಕದಲ್ಲಿರುವವರಿಗೆ ಚೆನ್ನೈ ಕಚೇರಿ; ದೆಹಲಿಯಲ್ಲಿರುವವರಿಗೆ ದೆಹಲಿ ಕಚೇರಿ ಸಂಬಂಧಿಸಿದುದಾಗಿದೆ. ಅಂತರಜಾಲದ ಮೂಲಕವೂ ಅರ್ಜಿಯನ್ನು ಸಲ್ಲಿಸಬಹುದಾಗಿದೆ.

ನಮ್ಮ ದೇಶದಲ್ಲಿ ಆವಿಷ್ಕಾರಗಳ ರಕ್ಷಣೆಗೆ ಮೊದಲ ಕಾನೂನು ಬಂದುದು 1856ರಲ್ಲಿ. ಅದರಡಿ ಕಲ್ಕತ್ತೆಯ ಸಿವಿಲ್ ಇಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಹಕ್ಕು ಕೋರಿದ್ದು ಪಂಖಾ ಎಳೆಯುವ ಯಂತ್ರವೊಂದಕ್ಕೆ. ಪಂಖಾ ಆಗಲೂ ಹಳೆಯದು. ಅದನ್ನು ಎಳೆಯುವ ಬಗೆ ಹೊಸದು. ಅಂದಿನ ಪಂಖಾದಿಂದ ಇಂದಿನ ಪರಿವರ್ತಕದವರೆಗೆ ಆವಿಷ್ಕಾರಗಳು ಬಹುಮಟ್ಟಿಗೆ ಹಳೆಯದರ ಹೆಗಲ ಮೇಲೆಯೇ ನಿಂತಿವೆ. ಅವುಗಳಲ್ಲಿ ಹೊಸತಾದ ಆ ಒಂದು ಅಂಶವನ್ನು ಗುರುತಿಸಿ, ಮೊದಲ ದಿನವೇ ಪೂರ್ಣವಾಗಿ ಬರೆದಿಡುವವರಿಗೆ ಪೇಟೆಂಟ್ ಪರೀಕ್ಷೆಯು ಹೆದರಿಕೆಯ ವಿಷಯವಾಗಬೇಕಿಲ್ಲ.